ಆಲ್ಕೊಳದಲ್ಲಿ ಬ್ರೇಕ್ ಹಾಕಿದ ಬಸ್ಸು

ಶಿವಮೊಗ್ಗ, ಭದ್ರಾವತಿಯ ಕಡೆ ಪಿಯುಸಿ ಭೌತಶಾಸ್ತ್ರವೆಂದರೆ ಶಕುಂತಲಮ್ಮನವರು ಎಂಬ ಮಾತು ಮೂವತ್ತನಾಲ್ಕು ವರ್ಷಗಳಿಂದ ನಿಂತಿದೆ. ಅದರಲ್ಲಿ ಹದಿನೆಂಟು ವರ್ಷ ಅವರ ಪಕ್ಕದ ಮೇಜಿನಲ್ಲೇ ಕುಳಿತು ಹೊಟ್ಟೆಕಿಚ್ಚು ಪಟ್ಟವನು ರುದ್ರೇಶ, ಅಂದರೆ ಈ ಲೇಖಕ. ನಿವೃತ್ತಿಯ ಅಭಿನಂದನ ಗ್ರಂಥಕ್ಕೆ ಇಂಥ ಮಾತು ಸಲ್ಲದೆಂದು ಸಂಪಾದಕರು ಹೇಳಿಯಾರು. ಆದರೆ ಸುಳ್ಳು ಬರೆದರೆ ಮೇಡಂ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾರೆ.

ಭದ್ರಾವತಿಯಲ್ಲಿ ಸೇವೆ ಆರಂಭಿಸಿ ಶಿವಮೊಗ್ಗಕ್ಕೆ ವರ್ಗವಾಗಿ ಬಂದ ಮೇಡಂ, ಚಲನೆಯ ಪಾಠದಲ್ಲಿ ಸೂತ್ರ ಮುಟ್ಟುವ ಮೊದಲು ವೇಗ–ಕಾಲದ ನಕ್ಷೆ ಬರೆಸುತ್ತಿದ್ದರು. ರುದ್ರೇಶನದು ಶಾರ್ಟ್‌ಕಟ್ ವಿದ್ಯೆ: ಸೂತ್ರಕ್ಕೆ ಅಂಕಿ ತುಂಬು, ಮುಂದೆ ನಡಿ. ಆದರೂ ಮಕ್ಕಳು ಅನುಮಾನ ಹೊತ್ತು ಹೋಗುತ್ತಿದ್ದುದು ಪಕ್ಕದ ಮೇಜಿಗೇ. ಸ್ವಂತ ಮಗಳು ಅಮೂಲ್ಯಳೇ, "ಅಪ್ಪಾ, ನಾನು ಮ್ಯಾಮ್ ಹತ್ರಾನೇ ಕೇಳ್ಕೊತೀನಿ" ಎಂದ ದಿನ ಅವನಿಗೆ ಊಟ ಸೇರಲಿಲ್ಲ.

ಆರು ವರ್ಷದ ಹಿಂದೆ, ಪ್ರವೇಶ ಪರೀಕ್ಷೆಯ ಉಚಿತ ತರಬೇತಿಗೆ ಮಕ್ಕಳನ್ನು ಆರಿಸಲು ಮಾದರಿ ಪರೀಕ್ಷೆ ನಡೆಯಿತು. ರುದ್ರೇಶ ಪ್ರಶ್ನೆ ಬರೆದ: ಸೆಕೆಂಡಿಗೆ ಹತ್ತು ಮೀಟರ್ ವೇಗದ ಬಸ್ಸು ಆಲ್ಕೊಳ ಸರ್ಕಲ್ಲಿನಲ್ಲಿ ಬ್ರೇಕ್ ಹಾಕುತ್ತದೆ, ವೇಗ ಪ್ರತಿ ಸೆಕೆಂಡಿಗೆ ಎರಡರಂತೆ ಇಳಿಯುತ್ತದೆ, ಎಂಟು ಸೆಕೆಂಡಿನಲ್ಲಿ ಎಷ್ಟು ದೂರ? ಸೂತ್ರಕ್ಕೆ ತುಂಬಿದ, ಹದಿನಾರು ಮೀಟರ್ ಬಂತು, ಅದನ್ನೇ ಕೀ ಉತ್ತರವೆಂದು ಕೊಟ್ಟ. ಭದ್ರಾವತಿಯಿಂದ ಬರುತ್ತಿದ್ದ ತನುಜಾ ಇಪ್ಪತ್ತೈದು ಎಂದು ಬರೆದು, ಆ ಒಂದು ಅಂಕದಿಂದ ಪಟ್ಟಿಯ ಹೊರಗುಳಿದಳು. ಮೇಡಂ ಶಿಷ್ಯೆ ಎಡವಿದಳೆಂದು ಅವನಿಗೆ ಒಳಗೊಳಗೇ ಖುಷಿಯಾಯಿತು.

ಸ್ಟಾಫ್ ರೂಮ್ ಖಾಲಿಯಾಗುವವರೆಗೆ ಕಾದು ಮೇಡಂ, ತನುಜಾ ಉತ್ತರಪತ್ರಿಕೆಯಲ್ಲಿ ಬರೆದಿದ್ದ ನಕ್ಷೆಯನ್ನು ಮುಂದಿಟ್ಟರು.

"ಐದು ಸೆಕೆಂಡಿಗೇ ಬಸ್ ನಿಂತೋಯ್ತಲ್ಲ ರುದ್ರೇಶ್. ಬ್ರೇಕ್ ಹಾಕಿದ ಬಸ್ಸು ರಿವರ್ಸ್ ಬರುತ್ತೇನ್ರಿ ಮಾರಾಯ್ರೆ?"

ಉಳಿದ ಮೂರು ಸೆಕೆಂಡು ಅವನ ಸೂತ್ರ ಬಸ್ಸನ್ನು ಹಿಂದಕ್ಕೆ ಓಡಿಸಿತ್ತು.

ಮರುದಿನ ಮೇಡಂ ಪ್ರಾಂಶುಪಾಲರಿಗೆ ಹೇಳಿದ್ದು ಇಷ್ಟೇ: "ಕೀ ಉತ್ತರದಲ್ಲಿ ಪ್ರಿಂಟ್ ಮಿಸ್ಟೇಕ್ ಆಗಿದೆ ಸಾರ್." ತನುಜಾಳಿಗೆ ಸೀಟು ಸಿಕ್ಕಿತು, ರುದ್ರೇಶನ ಮಾನ ಉಳಿಯಿತು. ನಾಲ್ಕು ಜನರೆದುರು ಬೈದಿದ್ದರೆ ಅವರನ್ನು ದ್ವೇಷಿಸಿ ಹಗುರಾಗಬಹುದಿತ್ತು. ಆ ದೊಡ್ಡತನ ಕಂಡು ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಅಂದಿನ ಮಕ್ಕಳೆಲ್ಲ ಓದುವ ಈ ಗ್ರಂಥದಲ್ಲಿ ಅಚ್ಚಾಗಲಿ: ಅಂದು ತಪ್ಪಿದ್ದು ಮುದ್ರಣದವರಲ್ಲ, ರುದ್ರೇಶ. ಮೇಡಂ ನೂರು ವರ್ಷ ಬಾಳಲಿ, ಹೊಸಮನೆ ಬಡಾವಣೆಯ ತಮ್ಮ ಮನೆಯಲ್ಲಿ ಮಕ್ಕಳಿಂದ ನಕ್ಷೆ ಬರೆಸುತ್ತಲೇ ಇರಲಿ. ಸೋಮವಾರದಿಂದ ಅವರ ಮೇಜು ಖಾಲಿ. ಅನುಮಾನ ಹೊತ್ತ ಮಕ್ಕಳು ಇನ್ನು ರುದ್ರೇಶನ ಮೇಜಿಗೇ ಬರಬೇಕು. ಹದಿನೆಂಟು ವರ್ಷ ರುದ್ರೇಶ ಬಯಸಿದ್ದು ಅದನ್ನೇ, ಈಗ ಹೆದರಿಕೆಯಾಗುತ್ತಿದೆ.