ನಾಗರತ್ನಾ ಮೇಡಂ ಅವರ ಎರಡು ತಂಪು ಕನ್ನಡಕ

ನಾಗರತ್ನಾ ಮೇಡಂ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಜನ ತಿರುಗಿ ನೋಡುತ್ತಿದ್ದರು. ಒಂದು ತಂಪು ಕನ್ನಡಕ ಮೂಗಿನ ಮೇಲೆ, ಇನ್ನೊಂದು ಕೈಯಲ್ಲಿ. ಎರಡರ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲೋ ಲೋಟವೋ ಹಿಡಿದು ತಿರುಗಿಸುತ್ತಾ ಬಸ್ಸನ್ನೇ ಮರೆಯುವರು. ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟವರು. ಹುಟ್ಟೂರು ಕುದೂರು, ಮಾತೂ ಕೊನೆಯವರೆಗೆ ಅಲ್ಲಿಯದೇ.

ನಮ್ಮ ಮನೆಯದು ಬೊಂಬೆಯ ಕಸುಬು. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಬೇಕು. ನನಗೋ ಕೆಂಪು, ಹಸಿರು ಎರಡೂ ಒಂದೇ. ಒಮ್ಮೆ ಬುಟ್ಟಿ ತುಂಬ ಗಿಳಿಗಳಿಗೆ ಮೈಯೆಲ್ಲ ಕೆಂಪು, ಕೊಕ್ಕಿಗೆ ಹಸಿರು ಹಚ್ಚಿಟ್ಟೆ. ಅಪ್ಪ ಬೈಯಲಿಲ್ಲ, ಲೇತಿನ ಹತ್ತಿರ ಮತ್ತೆ ಕರೆಯಲೂ ಇಲ್ಲ. ಮುಂದೆ ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದವು. ವೈರ್ ಜೋಡಿಸುವ ಕೆಲಸಕ್ಕೆ ಹೋಗಿ ಬಣ್ಣದ ಪರೀಕ್ಷೆಯಲ್ಲೇ ಫೇಲಾದೆ. ಯಾವುದಕ್ಕೂ ಬಾರದವನು ನಾನು ಎನಿಸಿಬಿಟ್ಟಿತು.

ಮೇಡಂ ಮನೆಗೆ ಹೋಗಿ ಹೇಳಿಕೊಂಡೆ. ಅವರು ರೊಟ್ಟಿ ತಟ್ಟುತ್ತಲೇ ಶುರುಮಾಡಿದರು.

"ಸಮುದ್ರದೊಳ್ಗೆ ಮ್ಯಾಂಟಿಸ್ ಸೀಗಡಿ ಅಂತ ಐತೆ ಕಣಪ್ಪ. ನಮ್ ಕಣ್ಣಲ್ಲಿ ಬಣ್ಣ ಹಿಡಿಯೋ ಕಣ ಮೂರ್ ಥರ, ಅದ್ಕೆ ಹನ್ನೆಲ್ಡು. ಹಂಗಂತ ನಮ್ಮನ್ನೆಲ್ಲ ಕುರುಡ್ರು ಅಂತದಾ? ಬೆಳಕು ಯಾವ ದಿಕ್ಕಿಗೆ ಅಲುಗ್ತದೆ ಅಂತ್ಲೂ ಅದ್ಕೆ ಕಾಣ್ತದೆ. ನಂಗೆ ಅದ ನೋಡಕ್ಕೆ ಒಂದೇ ದಿಕ್ಕಿನ ಬೆಳಕು ಬುಡೋ ಇಂಥ ಎಲ್ಡು ಕನ್ನಡ್ಕ ಬೇಕು."

ಕೈ ಒರೆಸಿಕೊಂಡು, ಕನ್ನಡಕಗಳನ್ನು ಒಂದಕ್ಕೊಂದು ಅಡ್ಡ ಹಿಡಿದು, ನಡುವೆ ಸ್ಕೇಲು ಇಟ್ಟರು. ಏನು ಕಾಣುತ್ತದೆ ಎಂದರು. ಪಟ್ಟೆಗಳು, ಮೂಲೆಯಲ್ಲಿ ಒತ್ತೊತ್ತಾಗಿವೆ ಎಂದೆ.

"ಅಚ್ಚು ಹಾಕ್ದಾಗ ಪ್ಲಾಸ್ಟಿಕ್ ಒಳ್ಗಿನ ಎಳೆತ, ಆ ಬಿಗಿ, ಅಲ್ಲೇ ಉಳ್ಕಂಡೈತೆ. ಮುರಿಯೋದೂ ಅಲ್ಲೇ. ನಂಗೆ ಅಲ್ಲಿ ಕಾಮನಬಿಲ್ಲು ಕಾಣ್ತದೆ, ನಿಂಗೆ ಪಟ್ಟೆ. ಬಿಗಿ ಸಿಕ್ತಲ್ಲ, ಇನ್ನೇನ್ ಬೇಕು?"

ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಮಾಡುವ ಫ್ಯಾಕ್ಟರಿಗೆ, ಆ ದಿನದ ಮಟ್ಟಿಗೆ ಕನ್ನಡಕಗಳನ್ನೂ ಕೊಟ್ಟು, ಅವರೇ ಕಳಿಸಿದರು. "ಕಣ್ಣಿನ ವಿಷ್ಯ ಮೊದ್ಲೇ ಹೇಳ್ಬುಡು" ಎಂದಿದ್ದರು. ಹೇಳಿದೆ. ಸೂಪರ್‌ವೈಸರ್ ಮುಖ ಸಪ್ಪಗಾಯಿತು. ನಾನು ಮೇಜಿನ ಮೇಲಿದ್ದ ಮುಚ್ಚಳಗಳನ್ನು ಎರಡು ಕನ್ನಡಕಗಳ ನಡುವೆ ಹಿಡಿದು ನೋಡಿ, ಯಾವುದು ಸೀಳುತ್ತದೆಂದು ತೋರಿಸಿದೆ. ಅವರು ಒಂದೊಂದರ ತೂತಿಗೂ ತಿರುಪು ಬಿಗಿದು ನೋಡಿದರು. ನಾನು ತೋರಿಸಿದ್ದೊಂದೇ ಸೀಳಿತು. ತಪಾಸಣೆಯ ಕೆಲಸ ಸಿಕ್ಕಿತು. ಇವತ್ತಿಗೂ ನಾನು ಉಣ್ಣುವ ಅನ್ನ ಆ ತಾಯಿ ಕೊಟ್ಟದ್ದು.

ಕೊನೆಯ ಸಲ ಹೋದಾಗ ಅವರ ದೃಷ್ಟಿ ಪೂರ್ತಿ ಮಬ್ಬಾಗಿತ್ತು. ನಮ್ಮ ಫ್ಯಾಕ್ಟರಿಯ ಮುಚ್ಚಳವೊಂದನ್ನು ಕೈಗಿಟ್ಟೆ. ತಡವಿ ನೋಡಿ, ಪಕ್ಕದಲ್ಲಿದ್ದ ಕನ್ನಡಕಗಳ ಜೊತೆ ನನಗೇ ಹಿಂದಿರುಗಿಸಿದರು.

"ನಂಗಿನ್ನು ಆಗಲ್ಲ. ನೀನೇ ನೋಡಿ ಹೇಳಪ್ಪ."

ಅಂಚಿನಿಂದ ನಡುವಿನವರೆಗೂ ಒಂದೊಂದೇ ಪಟ್ಟೆ ಹೇಳುತ್ತಾ ಹೋದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮುಗಿದ ಮೇಲೆ, "ಚೆನ್ನಾಗೈತೆ" ಎಂದರು. ಯಾವ ಬಣ್ಣ ಎಂದು ಕೇಳಲೇ ಇಲ್ಲ.