ಗಿಬೊ ಗುರುವಿನ ಅರ್ಧ ಹೆಜ್ಜೆ

ನಾಹಾ ಪಟ್ಟಣದ ಕುಂಬಾರಗೇರಿಯಲ್ಲಿ ಗಿಬೊ ಸೇಯೂ ಬೆಳಗ್ಗೆ ತೋಫು ಮಾರುತ್ತಿದ್ದ, ಸಂಜೆ ಅಂಗಳದಲ್ಲಿ ಕರಾಟೆ ಕಲಿಸುತ್ತಿದ್ದ. ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲೇ ತನ್ನದೊಂದು ಶೈಲಿ ಕಟ್ಟಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟು ಹಲಗೆ ತೂಗುಹಾಕಿದ. ಅದರ ಜೀವಾಳ ಅರ್ಧ ಹೆಜ್ಜೆ: ಮುಂದೆ ಹೋದ ಬಲಗಾಲು ನೆಲ ಮುಟ್ಟುವ ಮೊದಲು ಚೂರು ತಡೆದು ಊರುವುದು. ಆ ತಡೆಯಲ್ಲೇ ಎದುರಾಳಿ ಲೆಕ್ಕ ತಪ್ಪುತ್ತಿದ್ದ. ಎಲ್ಲಿ ಕಲಿತಿರಿ ಎಂದವರಿಗೆ, ಕಡಲ ಅಲೆಗಳನ್ನು ನೋಡಿ ಕಲಿತೆ ಎನ್ನುತ್ತಿದ್ದ. ಮೊದಲ ಸಲ ನಾಲಿಗೆ ತಡವರಿಸಿತ್ತು, ಆಮೇಲೆ ರೂಢಿಯಾಯಿತು.

ನಿಜವಾಗಿ ಕಲಿಸಿದವರು ತಾಮನಾಹಾ ಎಂಬ ಮುದುಕರು, ಯುದ್ಧದಲ್ಲಿ ತೀರಿಕೊಂಡಿದ್ದರು. ಮೇಲೊಬ್ಬ ಗುರುವಿದ್ದರೆ ತಾನು ಮೂಲಪುರುಷನಾಗುವುದು ಹೇಗೆಂದು ಗಿಬೊ ಅವರ ಹೆಸರನ್ನೇ ಎತ್ತುತ್ತಿರಲಿಲ್ಲ.

ಶೈಲಿಗೆ ಮಾನ್ಯತೆ ಕೊಡುವ ಹಿರಿಯರು ಟೋಕಿಯೊದಿಂದ ಬಂದ ದಿನವೇ ತಾಮನಾಹಾ ಅವರ ಹೆಂಡತಿ ನಾಬೆ ಬಂದರು. ಬಡಗಣ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದವರು, ಗಂಡನ ಶಿಷ್ಯ ಶಾಲೆ ತೆರೆದಿದ್ದಾನೆಂದು ಕೇಳಿ, ಸಕ್ಕರೆ ಹಾಕಿ ಕರಿದ ಉಂಡೆಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿದ್ದರು. ಹಿಂದಿನ ಚಾಪೆಯ ಮೇಲೆ ಕೂತು ನೋಡಿದರು. ಹಿರಿಯರ ಮುಂದೆ ಪಟ್ಟು ತೋರಿಸುತ್ತಿದ್ದ ಗಿಬೊನ ಕಾಲು ಗಾಳಿಯಲ್ಲಿ ತಡೆದು ನಿಂತಾಗ ಅವರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಅದನ್ನೂ ಬಿಡದೆ ಕಲ್ತಿದೀಯಲ್ಲೋ ಸೇಯೂ. ನಮ್ಮ ಯಜಮಾನ್ರಿಗೆ ಮಂಡಿ ಊದಿತ್ತು ಕಣೋ, ಊರೋಕೆ ನೋವು ಅಂತ ಹಾಗೆ ತಡೀತಿದ್ರು."

ಶಿಷ್ಯರಲ್ಲೊಬ್ಬ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ. ಈ ತಾಯಿ ಯಾರೆಂದು ಅತಿಥಿಯೊಬ್ಬರು ಕೇಳಿದರು.

"ನಮ್ಮ ಕೇರಿಯ ಅಜ್ಜಿ. ಸ್ವಲ್ಪ ಮರೆವು, ಏನೇನೋ ಹೇಳ್ತಾರೆ," ಎಂದ ಗಿಬೊ.

ನಾಬೆಯ ಮುಖದ ನಗು ಆರಿತು. ಆಮೇಲೆ ಅತಿಥಿಗಳತ್ತ ತಲೆಬಾಗಿ, "ಹೌದು ಸ್ವಾಮಿ, ವಯಸ್ಸಾಯ್ತು. ಯಾರನ್ನೋ ಯಾರೋ ಅಂದ್ಕೊಂಡೆ," ಎಂದು ಗಂಟನ್ನು ಅಲ್ಲೇ ಇಟ್ಟು ಎದ್ದು ಹೋದರು.

ಅವನ ಮಾನ ಉಳಿಸಿದ್ದು ಅವರೇ. ಮಾನ್ಯತೆಯೂ ಸಿಕ್ಕಿತು. ಶಿಷ್ಯರು ಉಂಡೆ ಹಂಚಿಕೊಂಡು ತಿಂದರು. ಗಿಬೊ ಒಂದನ್ನೂ ಮುಟ್ಟಲಿಲ್ಲ.

ಮರುದಿನ ಅವನು ಆ ಹಳ್ಳಿಗೆ ಹೋದ. ನಾಬೆ ಗೆಣಸಿನ ಹೊಲದಲ್ಲಿ ಬಳ್ಳಿ ಎತ್ತಿ ಮಗುಚುತ್ತಿದ್ದರು. ಅವನು ಮಣ್ಣಿಗೆ ಹಣೆ ಹಚ್ಚಿ ಅತ್ತ. ಅವರು ಕೆಲಸ ನಿಲ್ಲಿಸಲಿಲ್ಲ.

"ನನ್ಹತ್ರ ಯಾಕೆ ಅಳ್ತೀಯಪ್ಪಾ? ನೀನು ಸುಳ್ಳು ಹೇಳಿದ್ದು ನಿನ್ನ ಶಿಷ್ಯರ ಮುಂದೆ, ಆ ದೊಡ್ಡವರ ಮುಂದೆ. ಅಲ್ಲೇ ಹೋಗಿ ಹೇಳು."

ಅವನು ಹೇಳಿದ. ಅಂಗಳದಲ್ಲಿ ಮೊಣಕಾಲೂರಿ, ಅಲೆಗಳ ಮಾತು ಸುಳ್ಳೆಂದೂ, ಅಜ್ಜಿಗೆ ಮರೆವಿಲ್ಲವೆಂದೂ ಹೇಳಿದ. ಟೋಕಿಯೊಗೂ ಬರೆದು ತಿಳಿಸಿದ. ಮಾನ್ಯತೆ ರದ್ದಾಯಿತು, ಶಿಷ್ಯರು ಬಹುಪಾಲು ಬೇರೆ ಕಡೆ ಹೋದರು. ಹಲಗೆಯ ಮೇಲೆ ತಾಮನಾಹಾ ಹೆಸರು ಬಂತು.

ಪ್ರತಿ ವರ್ಷ ಪಿತೃಗಳ ಹಬ್ಬಕ್ಕೆ ತೋಫು ಹೊತ್ತು ನಾಬೆಯ ಮನೆಗೆ ಹೋಗುತ್ತಿದ್ದ. ಅವರು ಚಹಾ ಕೊಡುತ್ತಿದ್ದರು, ಅವನ ಮಕ್ಕಳ ಯೋಗಕ್ಷೇಮ ಕೇಳುತ್ತಿದ್ದರು. ಅವನ ಅಂಗಳಕ್ಕೆ ಮಾತ್ರ ಮತ್ತೆಂದೂ ಬರಲಿಲ್ಲ. ಬನ್ನಿ ಎಂದು ಕರೆಯುವ ಧೈರ್ಯ ಅವನಿಗೂ ಬರಲಿಲ್ಲ.