ಟಫಿಯ ಡೈರಿಯ ಎರಡನೇ ಪುಟ

ನಾರಿಂಗಾ ಕೊಲ್ಲಿ ಎಂಬ ಕಡಲತೀರದ ಊರಿನ ಶಾಲೆಯಲ್ಲಿ ರೇಲೀನ್ ಟ್ರೆಗೀರ್ ಇಪ್ಪತ್ತಾರು ವರ್ಷದಿಂದ ಮೂರನೇ ತರಗತಿಯ ಟೀಚರು. ಊರಲ್ಲಿ ಅವಳಿಗೆ ಹೆಸರು ಬಂದದ್ದು ಮಗ್ಗಿ ಕಲಿಸಿದ್ದಕ್ಕಲ್ಲ, ಸುದ್ದಿ ತಲುಪಿಸಿದ್ದಕ್ಕೆ. ಯಾವ ಮಗುವಿನ ಹಲ್ಲು ಬಿತ್ತು, ಕಿಟಕಿಯಲ್ಲಿಟ್ಟ ಬಟಾಣಿ ಬಳ್ಳಿ ಎಷ್ಟುದ್ದ ಆಯಿತು, ಈ ವಾರ ಭಾಗಾಕಾರದಲ್ಲಿ ಯಾರು ಕಣ್ಣೀರಿಲ್ಲದೆ ಪಾರಾದರು, ಎಲ್ಲವೂ ಮನೆಮನೆಗೆ ಹೋಗಬೇಕು. ಮೊದಲೆಲ್ಲ ಹಳದಿ ಹಾಳೆಯಲ್ಲಿ ಅಚ್ಚು ಹಾಕಿ ಮಕ್ಕಳ ಚೀಲಕ್ಕೆ ತುರುಕುತ್ತಿದ್ದಳು. ಈಗ ಫೋನಿನಲ್ಲಿ ಒಂದು ಗುಂಪು. ತರಗತಿಯಲ್ಲಿ ಮಕ್ಕಳು ಇಪ್ಪತ್ತಮೂರು, ಗುಂಪಿನಲ್ಲಿ ಜನ ಅರವತ್ತು ಚಿಲ್ಲರೆ. ಅಜ್ಜಿಯರು, ಬೇರೆಯಾದ ಅಪ್ಪಂದಿರು, ಬೇರೆಯಾದ ಅಪ್ಪಂದಿರ ಹೊಸ ಹೆಂಡತಿಯರು, ಎಲ್ಲರನ್ನೂ ಅವಳೇ ಹುಡುಕಿ ಹುಡುಕಿ ಸೇರಿಸಿದ್ದಳು. "ಮನೆಯವರಿಗೆ ಗೊತ್ತಿಲ್ಲದ್ದು ನನ್ನ ತರಗತೀಲಿ ಏನೂ ನಡೆಯಲ್ಲ," ಎಂದು ಹೇಳಿಕೊಳ್ಳುವಾಗ ಅವಳ ಗದ್ದ ತುಸು ಮೇಲೇಳುತ್ತಿತ್ತು.

ಆ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಸಿಗುತ್ತಿದ್ದದ್ದು ಟಫಿಗೆ. ಟಫಿ ಎಂದರೆ ಕಂದು ಬಣ್ಣದ, ದಪ್ಪ ಮೂಗಿನ, ದಿಂಬಿನಷ್ಟು ದೊಡ್ಡದಾದ ಬಟ್ಟೆಯ ಗೊಂಬೆ, ಬಿಲ ತೋಡುವ ಆ ನಾಡಿನ ಗುಂಡು ಪ್ರಾಣಿ ವಾಂಬ್ಯಾಟಿನದು. ಪ್ರತಿ ಶುಕ್ರವಾರ ಒಂದು ಮಗುವಿನ ಮನೆಗೆ ಹೋಗಿ ಸೋಮವಾರ ವಾಪಸು ಬರುತ್ತಿತ್ತು. ಜೊತೆಗೊಂದು ಡೈರಿ. ಟಫಿ ರಜೆಯಲ್ಲಿ ಏನೇನು ಮಾಡಿತು ಎಂದು ಮಗು ಅದರಲ್ಲಿ ಬರೆಯಬೇಕು, ರೇಲೀನ್ ಆ ಪುಟದ ಫೋಟೋ ತೆಗೆದು ಗುಂಪಿಗೆ ಹಾಕಬೇಕು. ಮಕ್ಕಳ ಬರವಣಿಗೆ ಸುಧಾರಿಸಲೆಂದು ಶುರುವಾದದ್ದು ಅಪ್ಪ ಅಮ್ಮಂದಿರ ಜಂಬ ಮೆರೆಸುವ ಪದ್ಧತಿಯಾಗಿ ಬಹಳ ದಿನವಾಗಿತ್ತು. ಒಂದು ವಾರ ಟಫಿ ದೋಣಿಯಲ್ಲಿ ಕೂತು ಮೀನು ಹಿಡಿಯಿತು; ಮರುವಾರ ವಿಮಾನ ಹತ್ತಿ ಟಾಸ್ಮೇನಿಯಾಕ್ಕೆ ಹೋಯಿತು; ಅದರ ಮುಂದಿನ ವಾರ ಯಾರದೋ ಹೊಸ ಈಜುಕೊಳದ ಪಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿತ್ತು. ಊರಿನ ಅರ್ಧ ಜನಕ್ಕಿಂತ ಆ ಗೊಂಬೆಯೇ ಚೆನ್ನಾಗಿ ಬದುಕುತ್ತಿತ್ತು.

ಮಾರ್ಚ್ ತಿಂಗಳ ಒಂದು ಗುರುವಾರ ಟೀಗನ್ ಪರ್ಸೆಲ್ ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದಳು. ಅವಳ ಮಗಳು ಮಾರ್ಲೀ ರೇಲೀನ್‌ಳ ತರಗತಿಯಲ್ಲಿದ್ದಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ಟೀಗನ್ ಕೂಡ ಇದೇ ಕೋಣೆಯಲ್ಲಿ, ಇದೇ ಟೀಚರ ಮುಂದೆ ಕೂತವಳು. ಹಾಗಾಗಿ ಮೂವತ್ತೆರಡಾದರೂ ರೇಲೀನ್ ಎಂದು ಹೆಸರು ಹಿಡಿದು ಕರೆಯಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

"ಮಿಸೆಸ್ ಟಿ, ಒಂದ್ನಿಮಿಷ. ಈ ವಾರ ಮಾರ್ಲೀ ಪಾಳಿ ಅಂತಲ್ಲ, ಟಫೀನ ಬೇರೆ ಯಾರಿಗಾದ್ರೂ ಕೊಟ್ಬಿಡ್ತೀರಾ?"

"ಯಾಕೆ ಪುಟ್ಟಾ?"

"ಮನೆ ಬದಲಾಯಿಸ್ತಾ ಇದೀವಿ. ಸಾಮಾನೆಲ್ಲ ಒಂದೊಂದು ಒಂದೊಂದು ಕಡೆ."

"ಟಫಿ ಸಾಮಾನು ಕಟ್ಟೋಕೆ ಬಂತು ಅಂತ ಬರೀಲಿ ಬಿಡು! ಹೋದ್ಸಲಾನೂ ಮುಂದಕ್ಕೆ ಹಾಕಿಸ್ದೆ ನೀನು. ಎಷ್ಟು ಆಸೆಯಿಂದ ಕಾಯ್ತಾ ಇದೆ ಮಗು. ನನ್ನ ತರಗತೀಲಿ ಪಾಳಿ ಅಂದ್ರೆ ಪಾಳಿ, ಎಲ್ರಿಗೂ ಒಂದೇ. ನಿಂಗೊತ್ತಲ್ಲ."

"ಗೊತ್ತು," ಎಂದಳು ಟೀಗನ್. ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ರೇಲೀನ್ ಇನ್ನೊಬ್ಬ ತಾಯಿಯತ್ತ ಕೈ ಬೀಸಿಯಾಗಿತ್ತು.

ಟೀಗನ್ ಅಂದು ನುಂಗಿಕೊಂಡದ್ದು ಇಷ್ಟು. ಬಾಡಿಗೆಗಿದ್ದ ಮನೆಯನ್ನು ಯಜಮಾನರು ನವೆಂಬರಿನಲ್ಲಿ ಬಿಡಿಸಿಕೊಂಡು ರಜೆಗೆ ಬರುವವರಿಗೆ ಕೊಡತೊಡಗಿದ್ದರು. ಊರಲ್ಲಿ ಬೇರೆ ಮನೆ ಇರಲಿಲ್ಲ. ಇದ್ದವೆಲ್ಲ ಹಾಗೆಯೇ ರಜೆಯ ಮನೆಗಳಾಗಿದ್ದವು. ಐದು ತಿಂಗಳಿಂದ ತಾಯಿ ಮಗಳು ಕಾರಿನಲ್ಲಿ ಮಲಗುತ್ತಿದ್ದರು. ಇದು ಮಾರ್ಲೀಯ ಅಪ್ಪನ ಕಿವಿಗೆ ಬಿದ್ದರೆ ಅವನು ಮಗಳನ್ನು ಕಿತ್ತುಕೊಂಡು ಹೋಗಲು ಕೋರ್ಟಿಗೆ ಓಡುತ್ತಾನೆ ಎಂಬ ಒಂದೇ ಹೆದರಿಕೆಗೆ ಟೀಗನ್ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಎಲ್ಲರಿಗೂ ಒಂದೇ ಎನ್ನುವ ಮಾತು ಈ ಊರಲ್ಲಿ ವಾಂಬ್ಯಾಟಿನ ಮಟ್ಟಿಗೆ ಮಾತ್ರ ಬಹಳ ಕಟ್ಟುನಿಟ್ಟು.

ಸೋಮವಾರ ಊಟದ ಬಿಡುವಿನಲ್ಲಿ ರೇಲೀನ್ ಸ್ಯಾಂಡ್‌ವಿಚ್ ಕಚ್ಚುತ್ತ ಡೈರಿ ಬಿಡಿಸಿದಳು. ಮಾರ್ಲೀಯ ದುಂಡು ಅಕ್ಷರ.

"ಟಫಿ ನಮ್ಮ ಕಾರಿನ ಮುಂದಿನ ಸೀಟಲ್ಲಿ ಮಲಗಿತು. ಹಿಂದೆ ಅಮ್ಮ ಮತ್ತು ನಾನು. ಸೀಟು ಮಡಚಿದರೆ ತುಂಬಾ ಜಾಗ. ಬೆಳಿಗ್ಗೆ ಬೀಚಿನ ನಲ್ಲಿಯಲ್ಲಿ ಹಲ್ಲು ಉಜ್ಜಿದೆವು. ಟಫಿಗೆ ಹಲ್ಲು ಇಲ್ಲ ಆದರೂ ಉಜ್ಜಿದೆ. ನಮ್ಮ ಹಳೇ ಮನೆ ಮುಂದೆ ಹೋದೆವು. ನಮ್ಮ ತಂತಿಯ ಮೇಲೆ ಬೇರೆಯವರ ಟವಲ್ ಇತ್ತು. ಟಫಿ ಟಾಟಾ ಮಾಡಿತು."

ರೇಲೀನ್ ಸ್ಯಾಂಡ್‌ವಿಚ್ ಕೆಳಗಿಟ್ಟಳು. ಇಪ್ಪತ್ತಾರು ವರ್ಷದಲ್ಲಿ ಯಾವ ಮಗುವೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ಕಣ್ಣು ಒರೆಸಿಕೊಂಡು ಹಾಳೆ ತಿರುವಿದಳು.

"ಶನಿವಾರ ಅಮ್ಮನ ಕೆಲಸಕ್ಕೆ ಟಫಿಯೂ ಬಂತು. ಹಳದಿ ಬಾಗಿಲಿನ ಮನೆ. ಗಲಾಟೆ ಮಾಡಬೇಡ, ಮುಂದಿನ ಮನೆ ಮಿಸೆಸ್ ಟಿ ಅವರದು ಅಂದಳು ಅಮ್ಮ. ಅಲ್ಲಿ ಯಾರೂ ಇರಲಿಲ್ಲ. ಮಂಚ ತುಂಬಾ ಮೆತ್ತಗೆ. ನಾನು ಮತ್ತು ಟಫಿ ಹತ್ತು ನಿಮಿಷ ಮಲಗಿದೆವು. ಆಮೇಲೆ ಯಾರಿಗೂ ಗೊತ್ತಾಗಬಾರದು ಅಂತ ಹಾಸಿಗೆ ಸರಿ ಮಾಡಿದೆವು."

ರೇಲೀನ್ ಬಾಗಿಲಿನ ಸಾಲನ್ನು ಮತ್ತೊಮ್ಮೆ ಓದಿದಳು. ಹಳದಿ ಬಾಗಿಲಿಗೆ ಬಣ್ಣ ಆರಿಸಿದವಳು ಅವಳೇ. ಅತ್ತೆ ತೀರಿಕೊಂಡ ಮೇಲೆ ಹಿತ್ತಿಲಲ್ಲಿ ಖಾಲಿ ಬಿದ್ದಿದ್ದ ಪುಟ್ಟ ಮನೆಯನ್ನು ಗಂಡ ನೆವ್ ರಜೆಯವರಿಗೆ ಕೊಡುತ್ತಿದ್ದ. ಅವರು ಖಾಲಿ ಮಾಡಿದಾಗಲೆಲ್ಲ ಯಾರೋ ಬಂದು ಗುಡಿಸಿ ಒರೆಸಿ ಹೋಗುತ್ತಾರೆ ಎಂದಷ್ಟೇ ರೇಲೀನ್‌ಗೆ ಗೊತ್ತು. ಯಾರು ಎಂದು ಒಂದು ದಿನವೂ ಕೇಳಿರಲಿಲ್ಲ. ಊರಿನ ಮಕ್ಕಳ ಹಲ್ಲಿನ ಲೆಕ್ಕ ಇಟ್ಟವಳಿಗೆ ತನ್ನ ಹಿತ್ತಿಲಿನ ಸುದ್ದಿ ಇರಲಿಲ್ಲ.

ಅವಳು ಮೊದಲ ಪುಟದ ಫೋಟೋ ತೆಗೆದಳು. ಎರಡನೆಯದನ್ನು ತೆಗೆಯಲಿಲ್ಲ. ಅದು ಹೊರಬಿದ್ದರೆ ಪಾಪ ಟೀಗನ್‌ಳ ಕೆಲಸಕ್ಕೇ ಕುತ್ತು ಎಂದು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡದ್ದನ್ನು ನಂಬಿದಳು ಕೂಡ. "ನಮ್ಮೂರಲ್ಲೇ ಹೀಗಿದೆ. ಕೈಲಾದದ್ದು ಮಾಡೋಣ," ಎಂದು ಬರೆದು ಗುಂಪಿಗೆ ಹಾಕಿದಾಗ ದೊಡ್ಡ ಧೈರ್ಯದ ಕೆಲಸ ಮಾಡಿದ ಹಾಗೆ ಅನಿಸಿತು.

ಫೋನು ಮಧ್ಯಾಹ್ನವೆಲ್ಲ ಗುಂಯ್‌ಗುಟ್ಟಿತು. ಅಳುವ ಮುಖಗಳು, ಹೃದಯಗಳು, ಕಂಬಳಿ ಬೇಕಾ, ಡಬ್ಬಿಯ ಬೀನ್ಸ್ ಬೇಕಾ. ಎಲ್ಲರಿಗಿಂತ ಮೊದಲು "ಕರುಳು ಕಿತ್ತು ಬಂತು" ಎಂದು ಬರೆದವಳು ಡೆಬ್ ಹ್ಯಾಲೊರನ್. ನವೆಂಬರಿನಲ್ಲಿ ಟೀಗನ್‌ಳನ್ನು ಮನೆ ಬಿಡಿಸಿದ್ದು ಇದೇ ಡೆಬ್. ಈಗ ಆ ತಂತಿಯ ಮೇಲೆ ಒಣಗುತ್ತಿದ್ದದ್ದು ಅವಳ ಗಿರಾಕಿಗಳ ಟವಲ್ಲೇ. ತನ್ನ ಬಳಿ ಇನ್ನೂ ಬಿಚ್ಚದ ಒಂದು ಡೇರೆ ಇದೆ, ಬೇಕಾದರೆ ಕೊಡುತ್ತೇನೆ ಎಂದೂ ಬರೆದಿದ್ದಳು. ಎರಡು ಗಂಟೆಗೆ ಮುಖ್ಯೋಪಾಧ್ಯಾಯ ಬಾಗಿಲಿಗೆ ಬಂದು, "ಊರಿಗೆಲ್ಲ ಸಾರಿದ ಮೇಲೆ ಮಕ್ಕಳ ರಕ್ಷಣೆಯ ಇಲಾಖೆಗೆ ನಾನು ಹೇಳದೇ ಇರೋ ಹಾಗಿಲ್ಲ ರೇಲೀನ್," ಎಂದು ನೆಲ ನೋಡುತ್ತ ಹೇಳಿ ಹೋದ.

ಶಾಲೆ ಬಿಟ್ಟಾಗ ಗೇಟಿನ ಬಳಿ ಚೀಲ ಹಿಡಿದ ಹೆಂಗಸರ ಸಾಲು. ಟೀಗನ್ ಅವರ ನಡುವೆ ಯಾರ ಮುಖವನ್ನೂ ನೋಡದೆ ಹಾದು ನೇರ ತರಗತಿಗೆ ಬಂದಳು. ಕೈಯಿಂದ ಬ್ಲೀಚಿನ ವಾಸನೆ ಬರುತ್ತಿತ್ತು. ಮಾರ್ಲೀ ಟಫಿಯನ್ನು ತಬ್ಬಿಕೊಂಡು ಮೇಜಿನ ಪಕ್ಕ ನಿಂತಿದ್ದಳು.

"ಅಮ್ಮಾ, ನನ್ನ ಪುಟ ಎಲ್ರಿಗೂ ಇಷ್ಟ ಆಯ್ತಂತೆ! ಆದ್ರೆ ಎರಡ್ನೇದು ಹಾಕೇ ಇಲ್ಲ. ಅಕ್ಷರ ಚೆನ್ನಾಗಿರ್ಲಿಲ್ವಾ ಮಿಸೆಸ್ ಟಿ?"

ಅಷ್ಟರಲ್ಲಿ ಟೀಗನ್ ಡೈರಿ ಎತ್ತಿಕೊಂಡು ಹಾಳೆ ತಿರುವಿದ್ದಳು. ಓದಿ ಮುಗಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದು ಗೊತ್ತಾದ್ರೆ ನಿನ್ನ ಕೆಲಸಕ್ಕೆ ತೊಂದ್ರೆ ಆಗತ್ತೆ ಅಂತ..." ಎಂದಳು ರೇಲೀನ್.

"ನನ್ನ ಕೆಲಸಕ್ಕಾ?" ಟೀಗನ್ ನಕ್ಕಳು. ಆ ನಗು ಕೇಳಿ ಮಾರ್ಲೀ ಟಫಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ನನ್ನ ಮಾನ ಬೀದಿಗೆ ಬಿದ್ರೆ ಪರವಾಗಿಲ್ಲ, ನಿಮ್ಮ ಹಳದಿ ಬಾಗಿಲಿಗೆ ಕಲೆ ಆಗ್ಬಾರ್ದು. ಅಷ್ಟೇ ತಾನೆ ಮಿಸೆಸ್ ಟಿ?"

"ಇಲ್ಲ ಪುಟ್ಟಾ. ನಾನು ನಿನ್ನ ಒಳ್ಳೇದಕ್ಕೇ..."

"ಅದೂ ಗೊತ್ತು. ಬೇರೆ ಯಾರಾದ್ರೂ ಆಗಿದ್ರೆ ಕೆನ್ನೆಗೆ ಬಾರಿಸಿ ಹೋಗ್ತಿದ್ದೆ. ಇವಳಪ್ಪ ಇದಾನೆ ಆ ಗುಂಪಲ್ಲಿ. ನೀವೇ ಸೇರಿಸಿದ್ದು. ಐದು ತಿಂಗಳು ನಾನು ಇವಳ ಬಟ್ಟೆ ಮುದುರದ ಹಾಗೆ, ತಲೆಗೂದಲು ಗಂಟಾಗದ ಹಾಗೆ ನೋಡ್ಕೊಂಡು ಕಳಿಸ್ತಾ ಇದ್ದೆ, ಒಬ್ರಿಗೂ ಅನುಮಾನ ಬರ್ಬಾರ್ದು ಅಂತ. ಈ ವಾರ ಬೇಡ ಅಂತ ಗೇಟಲ್ಲಿ ನಿಂತು ಕೇಳ್ಕೊಂಡೆ. ನಿಮಗೆ ಪಾಳಿ ಮುಖ್ಯ ಆಯ್ತು. ಬಾರೇ ಮಾರ್ಲೀ."

ಮಗಳ ಕೈ ಹಿಡಿದು ಎಳೆದುಕೊಂಡು ಹೋದಳು. ಟಫಿಯೂ ಡೈರಿಯೂ ಅವರ ಜೊತೆಗೇ ಹೋದವು. ಹೊರಗೆ ಡೆಬ್ ತಬ್ಬಿಕೊಳ್ಳಲು ಕೈ ಚಾಚಿದಳು. ಟೀಗನ್ ಬಗ್ಗಿ ಆ ಕೈಗಳ ಕೆಳಗಿನಿಂದ ಪಾರಾದಳು.

ಸಂಜೆ ರೇಲೀನ್ ನೆವ್‌ಗೆ ಎಲ್ಲ ಹೇಳಿದಳು. ಹಿತ್ತಿಲ ಮನೆ ಅವರಿಗೆ ಕೊಟ್ಟುಬಿಡೋಣ ಎಂದಳು.

"ಕೊಡೋಣ, ಯಾರು ಬೇಡ ಅಂದ್ರು? ಆದ್ರೆ ಈಸ್ಟರ್ ತನಕ ಬುಕ್ ಆಗಿದೆ ಕಣೇ. ಬರೋ ಜನಕ್ಕೆ ಏನಂತ ಹೇಳ್ಲಿ ನಾನು? ಈಸ್ಟರ್ ಆಗ್ಲಿ, ನೋಡೋಣ."

"ಅಲ್ಲೀವರೆಗೆ ಆ ಮಗು?"

"ನಿನ್ನ ಗುಂಪಿನೋರು ಇಷ್ಟು ಜನ ಅಳ್ತಾ ಇದಾರಲ್ಲ, ಒಬ್ಬರ ಮನೇಲೂ ಒಂದು ಕೋಣೆ ಇಲ್ವಂತಾ?"

ರೇಲೀನ್ ರೇಗಿದಳು, ಪಾತ್ರೆ ಕುಕ್ಕಿದಳು. ಆದರೆ ಇಲ್ಲ ಎಂದವನು ನೆವ್, ತಾನಲ್ಲ ಎಂಬುದರಲ್ಲಿ ಅವಳಿಗೆ ಒಂದು ಹಗುರವೂ ಇತ್ತು. ಆ ಹಗುರವನ್ನು ನೆನೆದು ಅವಳು ಇಂದಿಗೂ ನಾಚಿಕೊಳ್ಳುತ್ತಾಳೆ.

ಮಂಗಳವಾರ ಮಾರ್ಲೀ ಶಾಲೆಗೆ ಬರಲಿಲ್ಲ. ನಾಲ್ಕು ಗಂಟೆಗೆ ರೇಲೀನ್ ಮನೆಗೆ ಬಂದು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಡುವಾಗ ಹಿತ್ತಿಲ ಓಣಿಯಲ್ಲಿ ಬಿಳಿ ಕಾರು ನಿಂತಿದ್ದು ಕಂಡಿತು. ಕಾರಿನ ಕಿಟಕಿಗಳಿಗೆ ಒಳಗಿನಿಂದ ಟವಲ್ ಕಟ್ಟಿತ್ತು. ಅಂದು ಬೆಳಿಗ್ಗೆ ಹಿತ್ತಿಲ ಮನೆಯವರು ಖಾಲಿ ಮಾಡಿ ಹೋಗಿದ್ದರು. ಟೀಗನ್ ಬಕೆಟ್ಟು ಹಿಡಿದು ಹಳದಿ ಬಾಗಿಲಿನಿಂದ ಹೊರಗೆ ಬಂದಳು, ನೀರು ಚೆಲ್ಲಿದಳು, ಮತ್ತೆ ಒಳಗೆ ಹೋದಳು. ಅವಮಾನ ಆಗಿದೆ ಎಂದು ಒಪ್ಪಿಕೊಂಡ ಕೆಲಸ ಬಿಟ್ಟು ಹೋಗುವವಳಲ್ಲ ಅವಳು. ಅಂಗಳ ದಾಟಿದರೆ ಇಪ್ಪತ್ತು ಹೆಜ್ಜೆ. ಹೋಗಿ, ಬಕೆಟ್ಟು ಕೆಳಗಿಡು, ಇಲ್ಲೇ ಇರು, ಬುಕ್ ಮಾಡಿದವರು ಹಾಳಾಗಿ ಹೋಗಲಿ ಎಂದರೆ ಮುಗಿದಿತ್ತು. ನೀರು ಕುದಿಯಿತು. ರೇಲೀನ್ ಪರದೆಯ ಪಕ್ಕದಲ್ಲೇ ನಿಂತಿದ್ದಳು. ಟೀಗನ್ ಏನನ್ನುತ್ತಾಳೋ ಎಂಬ ಅಳುಕು, ನೆವ್ ಏನನ್ನುತ್ತಾನೋ ಎಂಬ ಅಳುಕು. ನಾಳೆ ಬೀಚಿಗೇ ಹೋಗಿ ಸಮಾಧಾನವಾಗಿ ಮಾತಾಡುತ್ತೇನೆ ಎಂದುಕೊಂಡಳು. ಕಾರು ಹೊರಟುಹೋಯಿತು.

ಬುಧವಾರ ಬೆಳಿಗ್ಗೆ ಬೀಚಿನ ಪಾರ್ಕಿಂಗಿನಲ್ಲಿ ಬಿಳಿ ಕಾರು ಇರಲಿಲ್ಲ. ನಲ್ಲಿಯ ಪಕ್ಕ ಊರವರು ತಂದುಕೊಟ್ಟ ಬೀನ್ಸ್ ಡಬ್ಬಿಗಳು ಸಾಲಾಗಿ, ಕಂಬಳಿಗಳು ಮಡಚಿ, ಡೆಬ್‌ಳ ಡೇರೆ ಬಿಚ್ಚದ ಚೀಲದಲ್ಲೇ ಇದ್ದವು. ಎಲ್ಲಿಗೆ ಹೋದರು ಎಂದು ರೇಲೀನ್ ಮೀನು ಹಿಡಿಯಲು ಕೂತ ಮುದುಕನನ್ನು ಕೇಳಿದಳು. "ಬೆಳಕು ಹರಿಯೋಕೆ ಮುಂಚೆ ಹೊರಟ್ರು. ಯಾವ ಕಡೆ ಅಂತ ನೋಡ್ಲಿಲ್ಲ ಮೇಟ್," ಎಂದನವನು.

ಶುಕ್ರವಾರ ಗುಂಪಿನಲ್ಲಿ ಗದ್ದಲ ಶುರುವಾಯಿತು. ಟಫಿ ಎಲ್ಲಿ? ಈ ವಾರ ತಮ್ಮ ಮಗನ ಪಾಳಿಯಲ್ಲವೇ? ಸೋಮವಾರವೂ ರಜೆ ಸೇರಿದ ಉದ್ದದ ವಾರಾಂತ್ಯ ಬೇರೆ, ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೆವು, ಮಗು ಊಟ ಬಿಟ್ಟಿದೆ. "ಅಷ್ಟು ಸಹಾಯ ಮಾಡಿದರೂ ಗೊಂಬೆ ಎತ್ತಿಕೊಂಡು ಹೋಗಿದ್ದಾರೆ," ಎಂದು ಡೆಬ್ ಬರೆದಳು. ಅದಕ್ಕೆ ಹತ್ತೊಂಬತ್ತು ಜನ ಹೆಬ್ಬೆರಳು ಎತ್ತಿದರು.

ಟಫಿ ಸಿಕ್ಕಿದ್ದು ಶನಿವಾರ. ಹಿತ್ತಿಲ ಮನೆಗೆ ಬಂದಿದ್ದ ಮೆಲ್ಬರ್ನ್ ಸಂಸಾರ ನೆವ್‌ನ ಫೋನಿಗೆ ಹೊಗಳಿಕೆ ಕಳಿಸಿತ್ತು. ನೆವ್ ಜೋರಾಗಿ ಓದಿ ಹೇಳಿದ.

"'ಹಾಸಿಗೆಯಲ್ಲಿ ಕತ್ತಿನವರೆಗೆ ಹೊದಿಸಿ ಮಲಗಿಸಿದ್ದ ಮುದ್ದು ವಾಂಬ್ಯಾಟ್ ನೋಡಿ ನಮ್ಮ ಮಕ್ಕಳು ಕುಣಿದಾಡಿದರು. ಎಷ್ಟು ಆತ್ಮೀಯ ಸ್ವಾಗತ! ಐದಕ್ಕೆ ಐದು ನಕ್ಷತ್ರ.' ನೀನು ಇಟ್ಟಿದ್ದಾ ಇದನ್ನ? ಒಳ್ಳೇ ಉಪಾಯ ಕಣೇ. ಇನ್ನೊಂದು ಅಂಥದ್ದೇ ತಂದು ಯಾವಾಗ್ಲೂ ಇಟ್ಬಿಡೋಣ."

ರೇಲೀನ್ ಮೆಲ್ಬರ್ನಿನವರು ಹೋದ ಮೇಲೆ ತಾನೇ ಹೋಗಿ ಟಫಿಯನ್ನು ಎತ್ತಿಕೊಂಡಳು. ದಿಂಬಿನ ಕೆಳಗೆ ಡೈರಿ ಇತ್ತು. ಎರಡನೇ ಪುಟದ ಕೆಳಗೆ ಮಾರ್ಲೀ ಇನ್ನೂ ಎರಡು ಸಾಲು ಬರೆದಿದ್ದಳು: "ನಾವು ದೂರ ಹೋಗುತ್ತೇವೆ. ಕಾರಿನಲ್ಲಿ ಟಫಿಗೆ ಚಳಿ ಆಗುತ್ತದೆ ಅದಕ್ಕೆ ಇಲ್ಲಿ ಮಲಗಿಸಿದ್ದೇನೆ." ರೇಲೀನ್ ಆ ಮೆತ್ತನೆಯ ಮಂಚದ ಮೇಲೆ ಕೂತು ಜೋರಾಗಿ ಅತ್ತಳು. ಅತ್ತು ಆದ ಮೇಲೆ ಎದ್ದು ಹಾಸಿಗೆ ಸರಿ ಮಾಡಿದಳು.

ರಜೆ ಮುಗಿದ ದಿನ ಟಫಿಯನ್ನು ತರಗತಿಯ ಕಪಾಟಿನ ಮೇಲೆ ಕೂರಿಸಿ ಫೋಟೋ ತೆಗೆದಳು. ಡೈರಿ ಬಿಡಿಸಿ ಎರಡನೇ ಪುಟದ ಮುಂದೆಯೂ ಫೋನು ಹಿಡಿದು ಬಹಳ ಹೊತ್ತು ನಿಂತಳು. ಕೊನೆಗೆ ಗುಂಪಿಗೆ ಹೋದದ್ದು ಗೊಂಬೆಯ ಫೋಟೋ ಒಂದೇ, ಜೊತೆಗೆ "ಟಫಿ ಬಂದಿದೆ" ಎಂಬ ಎರಡು ಪದ. ಗಂಟೆ ಬಾರಿಸುವಷ್ಟರಲ್ಲಿ ನಲವತ್ತೆಂಟು ಹೃದಯ ಬಿದ್ದವು. ಮಾರ್ಲೀ ಎಲ್ಲಿದ್ದಾಳೆ ಎಂದು ಕೇಳಿದ್ದು ಒಬ್ಬನೇ. ಗುಂಪಿನಲ್ಲಲ್ಲ, ರೇಲೀನ್‌ಗೆ ಬೇರೆಯಾಗಿ: "ನಾನು ಮಾರ್ಲೀ ಅಪ್ಪ. ಆ ಪುಟ ನನ್ನ ವಕೀಲರಿಗೆ ತೋರಿಸಿದ್ದೇನೆ. ಈಗ ನನ್ನ ಮಗಳು ಎಲ್ಲಿ?"

ಇಪ್ಪತ್ತಾರು ವರ್ಷದಲ್ಲಿ ಮನೆಯವರು ಕೇಳಿದ ಯಾವ ಪ್ರಶ್ನೆಗೂ ರೇಲೀನ್ ಬರೆಯದಿದ್ದ ಉತ್ತರವನ್ನು ಅಂದು ಬರೆದಳು. ಗೊತ್ತಿಲ್ಲ, ಎಂದು ಬರೆದಳು. ಗೊತ್ತಿದ್ದರೂ ಹಾಗೆಯೇ ಬರೆಯುತ್ತಿದ್ದೆ ಎಂದುಕೊಳ್ಳಲು ಅವಳಿಗೆ ಆಸೆ. ಆದರೆ ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.